ದಪ್ಪ ಓರೆ ಅಕ್ಷರ: ನಾಮಫಲಕ ಕಲಿಸಿದ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ನಾನು ಹಿಂಜರಿದೆ. ನಾನು ಲೇಖಕನಲ್ಲ, ಅಕ್ಷರಗಳನ್ನು ಬರೆಯುವವನು. ಅಂಗಡಿಗಳ ನಾಮಫಲಕ, ಲಾರಿಗಳ ಹಲಗೆ, ಗಣೇಶೋತ್ಸವದ ಬಟ್ಟೆಯ ಬ್ಯಾನರು ಇವೇ ನನ್ನ ಕೃತಿಗಳು. ಆದರೂ ಈ ಶಾಲೆಯ ಕರಿಹಲಗೆಯ ಮೇಲೆ ಅ, ಆ ತಿದ್ದಿದವನಾದ್ದರಿಂದ ಅಕ್ಷರದ ಬಗೆಗೇ ನಾಲ್ಕು ಮಾತು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದೆ. ಫಲಕಗಳಲ್ಲಿಯೂ ಶೀರ್ಷಿಕೆಗಳಲ್ಲಿಯೂ ಬಳಸುವ, ದಪ್ಪವಾಗಿ ಬಲಕ್ಕೆ ವಾಲಿದ, ಅಲಂಕಾರವಿಲ್ಲದ ಅಕ್ಷರ ಇಲ್ಲಿಯ ವಿಷಯ. ಅದರ ಹುಟ್ಟು, ಅದರ ಲೆಕ್ಕ, ಕನ್ನಡಕ್ಕೆ ಅದನ್ನು ಒಗ್ಗಿಸುವ ಬಗೆ ಇವುಗಳನ್ನು ಈಗಿನ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಹೇಳಲು ಯತ್ನಿಸಿದ್ದೇನೆ.

ಒಂದು ಚುಕ್ಕೆಯ ಕಥೆ

ಕೆಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕ ಸಮ್ಮೇಳನಕ್ಕೆ ಒಂದು ದೊಡ್ಡ ಫ್ಲೆಕ್ಸ್ ಫಲಕ ಮಾಡಿಕೊಡುವ ಕೆಲಸ ನನಗೆ ಬಂದಿತು. ಕುಂಚ ಹಿಡಿಯುವಷ್ಟು ಸಮಯವಿರಲಿಲ್ಲ. ಗಣಕಯಂತ್ರದ ಮುಂದೆ ಕುಳಿತು ‘ಕನ್ನಡ ಪಾಠಶಾಲೆ’ ಎಂದು ಟೈಪು ಮಾಡಿದೆ. ದಪ್ಪ ಮಾಡುವ ಗುಂಡಿಯನ್ನೊತ್ತಿದೆ. ಓರೆ ಮಾಡುವ ಗುಂಡಿಯನ್ನೊತ್ತಿದೆ. ಅದೂ ಸಾಲದೆಂದು ಅಕ್ಷರದ ಸುತ್ತ ಅದೇ ಬಣ್ಣದ ಅಂಚನ್ನೂ ಕೊಟ್ಟೆ. ಪರದೆಯ ಮೇಲೆ ಬಹಳ ಗತ್ತಿನಿಂದ ಕಾಣಿಸಿತು. ಮುದ್ರಿಸಿ ತಂದು ಬಾಗಿಲಿಗೆ ಕಟ್ಟಿದೆವು.

ಸಮ್ಮೇಳನದ ದಿನ ಎರಡನೆಯ ತರಗತಿಯ ಒಬ್ಬ ಬಾಲಕಿ ಆ ಫಲಕದ ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಓದಿ ಮುಗಿಸಿ ನನ್ನ ಕಡೆ ತಿರುಗಿ, “ಕಾಕಾ, ಪಾರಶಾಲೆ ಅಂದ್ರ ಏನ್ರಿ?” ಎಂದಳು.

ನಾನು ನಕ್ಕು, “ಪಾರಶಾಲೆ ಅಲ್ಲವ್ವಾ, ಪಾಠಶಾಲೆ” ಎಂದೆ. ಅವಳು ಮತ್ತೊಮ್ಮೆ ಮೇಲೆ ನೋಡಿ, “ಚುಕ್ಕಿ ಎಲ್ಲೈತ್ರಿ?” ಎಂದು ಕೇಳಿದಳು.

ನಾನು ನೋಡಿದೆ. ಚುಕ್ಕೆ ಇರಲಿಲ್ಲ. ಠಕಾರದ ಹೊಟ್ಟೆಯೊಳಗಿನ ಚುಕ್ಕೆ ದಪ್ಪದಲ್ಲಿ ಕರಗಿಹೋಗಿತ್ತು. ದೊಡ್ಡವರಾರಿಗೂ ಅದು ಕಂಡಿರಲಿಲ್ಲ, ಏಕೆಂದರೆ ದೊಡ್ಡವರು ಅಕ್ಷರವನ್ನು ಓದುವುದಿಲ್ಲ, ಪದವನ್ನು ಊಹಿಸುತ್ತಾರೆ. ಮಗು ಮಾತ್ರ ಬರೆದಿದ್ದನ್ನೇ ಓದಿತ್ತು. ಬೆಳಗಾವಿಯಲ್ಲಿಯೋ ಗದಗಿನಲ್ಲಿಯೋ ಬೆಳೆಯುವ ಮಗುವಿಗೆ ಬೀದಿಯ ತುಂಬ ಕನ್ನಡ ಫಲಕಗಳಿರುತ್ತವೆ. ಒಂದು ತಪ್ಪಿದ್ದರೆ ಇನ್ನೊಂದು ತಿದ್ದುತ್ತದೆ. ಇಲ್ಲಿ ನಮ್ಮ ಮಕ್ಕಳು ರಸ್ತೆಯಲ್ಲಿ ಕಾಣುವುದು ಹೆಚ್ಚಾಗಿ ರೋಮನ್ ಮತ್ತು ದೇವನಾಗರಿ ಲಿಪಿಗಳನ್ನು. ಪಠ್ಯಪುಸ್ತಕದ ಹೊರಗೆ ಅವರಿಗೆ ಸಿಗುವ ಕೆಲವೇ ಕೆಲವು ಕನ್ನಡ ಪದಗಳಲ್ಲಿ ಶಾಲೆಯ ಬಾಗಿಲ ಮೇಲಿನ ಪದವೂ ಒಂದು. ಅದನ್ನೇ ನಾನು ಕೆಡಿಸಿದ್ದೆ. ತಪ್ಪು ಯಂತ್ರದ್ದಲ್ಲ, ನನ್ನದೇ. ಆ ತಪ್ಪಿನ ಕಾರಣವನ್ನು ಹುಡುಕಿ ಹೊರಟಾಗ ತಿಳಿದದ್ದೇ ಈ ಪಾಠ.

ಮೂರು ಗುಣಗಳು, ಮೂರು ಚರಿತ್ರೆಗಳು

ದಪ್ಪ, ಓರೆ, ತುದಿಗೆರೆ ಇಲ್ಲದಿರುವುದು — ಈ ಮೂರೂ ಒಟ್ಟಿಗೆ ಹುಟ್ಟಿದವಲ್ಲ.

ಮೊದಲು ಬಂದದ್ದು ಓರೆ. ಇಟಲಿಯ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಸಂಪೂರ್ಣವಾಗಿ ಓರೆ ಅಕ್ಷರಗಳಲ್ಲಿ ಅಚ್ಚು ಮಾಡಿದನು. ಆ ಅಚ್ಚುಮೊಳೆಗಳನ್ನು ಕೊರೆದವನು ಫ್ರಾಂಚೆಸ್ಕೋ ಗ್ರಿಫೋ. ವಿದ್ವಾಂಸರ ಓಡುಬರಹವನ್ನು ಅನುಸರಿಸಿದ ಆ ಅಕ್ಷರಗಳು ಕಿರಿದಾಗಿ ಒತ್ತೊತ್ತಾಗಿ ಕೂಡುತ್ತಿದ್ದುದರಿಂದ ಕೈಯಲ್ಲಿ ಹಿಡಿಯುವ ಸಣ್ಣ ಪುಸ್ತಕಗಳಿಗೆ ಒಪ್ಪುತ್ತಿದ್ದವು. ಒಂದು ಪದವನ್ನು ಎತ್ತಿ ತೋರಿಸಲು ಓರೆ ಅಕ್ಷರ ಬಳಸುವ ರೂಢಿ ಆಮೇಲಿನದು.

ತುದಿಗೆರೆ ಇಲ್ಲದ ಅಕ್ಷರ ಬಂದದ್ದು ಮುನ್ನೂರು ವರ್ಷಗಳ ನಂತರ. ರೋಮನ್ ಅಕ್ಷರಗಳ ಗೆರೆಗಳ ತುದಿಯಲ್ಲಿರುವ ಸಣ್ಣ ಅಡ್ಡಗೆರೆಗೆ ಸೆರಿಫ್ ಎಂದು ಹೆಸರು. ‘ಸ್ಯಾನ್ಸ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ‘ಇಲ್ಲದೆ’ ಎಂದರ್ಥ. ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲಾನ್ 1816ರಲ್ಲಿ ಪ್ರಕಟಿಸಿದ ಮಾದರಿ ಪುಸ್ತಕದಲ್ಲಿ ಇಂಥ ಅಚ್ಚುಮೊಳೆ ಮೊದಲ ಬಾರಿಗೆ ಕಾಣಿಸಿತು. ಅದರಲ್ಲಿದ್ದುದು ದೊಡ್ಡಕ್ಷರಗಳು ಮಾತ್ರ. ದಪ್ಪಕ್ಷರಗಳಿಗೆ ಬೇಡಿಕೆ ಬಂದದ್ದೂ ಅದೇ ಶತಮಾನದಲ್ಲಿ. ಕಾರ್ಖಾನೆಗಳ ಸರಕು ಮಾರಲು ಗೋಡೆಗೆ ಅಂಟಿಸುವ ಭಿತ್ತಿಪತ್ರಗಳು ಬಂದವು. ಪುಸ್ತಕವನ್ನು ಒಂದು ಅಡಿ ದೂರದಿಂದ ಓದಿದರೆ, ಭಿತ್ತಿಪತ್ರವನ್ನು ರಸ್ತೆಯ ಆಚೆಯಿಂದ ಓದಬೇಕು.

ಈ ಮೂರು ಗುಣಗಳನ್ನು ಒಂದೇ ಕುಟುಂಬದಲ್ಲಿ ಕ್ರಮವಾಗಿ ಜೋಡಿಸಿದ ಪ್ರಸಿದ್ಧ ಉದಾಹರಣೆ 1957ರ ಯೂನಿವರ್ಸ್. ಅದನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನ ಏಡ್ರಿಯನ್ ಫ್ರುಟಿಗರ್. ಅವರು ಪ್ರತಿ ರೂಪಕ್ಕೂ ಹೆಸರಿನ ಬದಲು ಅಂಕಿ ಕೊಟ್ಟರು: 55 ಎಂದರೆ ಸಾಮಾನ್ಯ, 56 ಅದರ ಓರೆ ರೂಪ, 65 ಎಂದರೆ ದಪ್ಪ, 66 ದಪ್ಪ ಓರೆ. ನಾವು ಹುಡುಕುತ್ತಿರುವ ಅಕ್ಷರದ ವಿಳಾಸ ಅಲ್ಲಿ 66. ಗಮನಿಸಬೇಕಾದುದೇನೆಂದರೆ, 66 ಎಂಬುದು 55ನ್ನು ಹಿಗ್ಗಿಸಿ ಬಗ್ಗಿಸಿ ಮಾಡಿದ್ದಲ್ಲ. ಅದನ್ನು ಬೇರೆಯಾಗಿಯೇ ಬರೆದು ರೂಪಿಸಲಾಗಿತ್ತು. ನಾನು ಗಣಕಯಂತ್ರದ ಮುಂದೆ ಮರೆತದ್ದು ಇದನ್ನೇ.

ಗೋವಾ ಮತ್ತು ಮಂಗಳೂರು

ಅಚ್ಚಿನ ಚರಿತ್ರೆಯಲ್ಲಿ ಗೋವಾಕ್ಕೆ ಹಿರಿಯ ಸ್ಥಾನವಿದೆ. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಹಳೆ ಗೋವಾದ ಸಂತ ಪಾಲರ ಕಾಲೇಜಿಗೆ ಬಂದಿತು. ಅಬಿಸಿನಿಯಕ್ಕೆ ಹೋಗಬೇಕಾಗಿದ್ದ ಯಂತ್ರವದು, ಇಲ್ಲಿಯೇ ಉಳಿಯಿತು. 1577ರಲ್ಲಿ ತಮಿಳು ಅಚ್ಚುಮೊಳೆಗಳನ್ನು ಇಲ್ಲಿ ಎರಕ ಹೊಯ್ದರು. ಥಾಮಸ್ ಸ್ಟೀಫನ್ಸನ ಕ್ರಿಸ್ತಪುರಾಣ 1616ರಲ್ಲಿ ರಾಯತೂರಿನಲ್ಲಿ ಅಚ್ಚಾದಾಗ ಅದರ ಭಾಷೆ ಈ ನೆಲದ್ದು, ಲಿಪಿ ಮಾತ್ರ ರೋಮನ್.

ಕನ್ನಡದ ಬಳಗಕ್ಕೂ ಈ ನೆಲಕ್ಕೂ ನಂಟು ಅಚ್ಚಿಗಿಂತ ಹಳೆಯದು. ಗೋವಾದ ಕದಂಬರು ಕನ್ನಡದಲ್ಲಿ ಶಾಸನಗಳನ್ನು ಬರೆಸಿದರು. ಇಲ್ಲಿಯ ಹಳೆಯ ಲೆಕ್ಕಪತ್ರಗಳಲ್ಲಿ ಬಳಕೆಯಲ್ಲಿದ್ದ ಕಂದವಿ ಅಥವಾ ಗೋಯ್‌ಕಾನಡಿ ಲಿಪಿ ಕನ್ನಡ ಲಿಪಿಯ ಸೋದರಿ. ಆದರೆ ಕನ್ನಡ ಅಚ್ಚುಮೊಳೆಗಳು ಹುಟ್ಟಿದ್ದು ಬೇರೆಡೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚೆಂದರೆ ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಕಾಗದಕ್ಕೆ ಒತ್ತುವ ವಿಧಾನ. ಕನ್ನಡದ ಮೊದಲ ಪತ್ರಿಕೆ ಮೊಳೆ ಜೋಡಿಸಿದ್ದಲ್ಲ, ಕೈಯಿಂದ ಬರೆದದ್ದು ಎಂಬುದು ನಮ್ಮಂಥ ಫಲಕ ಬರೆಯುವವರಿಗೆ ಹೆಮ್ಮೆಯ ವಿಷಯ.

ಸೀಸದ ಮೊಳೆಗಳ ಕಾಲದಲ್ಲಿ ಪ್ರತಿ ಅಳತೆಗೂ ಪ್ರತಿ ರೂಪಕ್ಕೂ ಬೇರೆ ಬೇರೆ ಮೊಳೆ ಬೇಕಾಗಿತ್ತು. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗೆ ಅದು ಸುಲಭ. ಕಾಗುಣಿತ ಮತ್ತು ಒತ್ತಕ್ಷರಗಳ ಕನ್ನಡಕ್ಕೆ ನೂರಾರು ಮೊಳೆಗಳು ಬೇಕು. ಅವನ್ನೆಲ್ಲ ಓರೆಯಾಗಿಯೂ ಎರಕ ಹೊಯ್ಯುವುದು ದುಬಾರಿ. ಆದ್ದರಿಂದ ಕನ್ನಡದ ದಪ್ಪ ಓರೆ ಅಕ್ಷರ ಬೆಳೆದದ್ದು ಹೆಚ್ಚಾಗಿ ಮುದ್ರಣಾಲಯದ ಹೊರಗೆ: ಚಲನಚಿತ್ರಗಳ ಭಿತ್ತಿಪತ್ರಗಳಲ್ಲಿ, ಲಾರಿಗಳ ಹಣೆಯ ಮೇಲೆ, ಅಂಗಡಿಯ ತಗಡಿನ ಹಲಗೆಗಳಲ್ಲಿ. ಅದರ ಶಿಲ್ಪಿಗಳು ಹೆಸರಿಲ್ಲದ ಕುಂಚದವರು.

ಕನ್ನಡಕ್ಕೆ ತುದಿಗೆರೆ ಇದೆಯೆ?

ತಲಕಟ್ಟೇ ನಮ್ಮ ಸೆರಿಫ್ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಸೆರಿಫ್ ತೆಗೆದರೂ ರೋಮನ್ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ. ಕನ್ನಡದಲ್ಲಿ ತಲಕಟ್ಟನ್ನು ತೆಗೆದರೆ ಅಕ್ಷರದ ಗುರುತೇ ಕೆಡುತ್ತದೆ. ಗುಡಿಸು ಬಂದಾಗ ತಲಕಟ್ಟು ಮರೆಯಾಗಿ ‘ಕ’ ‘ಕಿ’ಯಾಗುವುದನ್ನು ಒಂದನೆಯ ತರಗತಿಯಲ್ಲಿಯೇ ಕಲಿತಿದ್ದೇವೆ. ಅದು ಅಲಂಕಾರವಲ್ಲ, ಅಂಗ. ಆದ್ದರಿಂದ ಕನ್ನಡದಲ್ಲಿ ‘ತುದಿಗೆರೆ ಇಲ್ಲದ ಶೈಲಿ’ ಎಂದರೆ ಗೆರೆಯ ದಪ್ಪ ಎಲ್ಲೆಡೆ ಸರಿಸುಮಾರು ಒಂದೇ ಆಗಿರುವ, ಬಾಲ ಬಳುಕುಗಳಿಲ್ಲದ ಬರಹ ಎಂದು ತಿಳಿಯಬೇಕು.

ಇಲ್ಲಿಯ ಮಕ್ಕಳು ನಿತ್ಯ ಕಾಣುವ ದೇವನಾಗರಿಯೊಡನೆ ಹೋಲಿಸಿದರೆ ಇನ್ನೊಂದು ಅಂಶ ಸ್ಪಷ್ಟವಾಗುತ್ತದೆ. ದೇವನಾಗರಿಯಲ್ಲಿ ಶಿರೋರೇಖೆ ಇಡೀ ಪದವನ್ನು ಒಂದು ತಂತಿಗೆ ತೂಗುಹಾಕುತ್ತದೆ. ಅಕ್ಷರ ವಾಲಿದರೂ ಆ ರೇಖೆ ಮಟ್ಟಸವಾಗಿ ಉಳಿದು ಕಣ್ಣಿಗೆ ದಾರಿ ತೋರುತ್ತದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ತಲಕಟ್ಟು, ಅದರದೇ ದುಂಡು ಹೊಟ್ಟೆ, ಕೆಳಗೆ ಅದರದೇ ಒತ್ತು. ಕಣ್ಣಿಗೆ ಆಧಾರವಾಗುವುದು ದುಂಡುಗಳೊಳಗಿನ ಬಯಲು ಮತ್ತು ಅಕ್ಷರಗಳ ನಡುವಿನ ಬಯಲು. ಬಯಲು ಮುಚ್ಚಿದರೆ ಕನ್ನಡ ಮುಚ್ಚಿದಂತೆ.

ದಪ್ಪದ ಲೆಕ್ಕ

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ವಿದ್ಯಾರ್ಥಿಗಳು ಚೌಕಳಿ ಹಾಳೆಯೊಂದನ್ನು ಎದುರಿಗಿಟ್ಟುಕೊಂಡರೆ ಅನುಕೂಲ.

ಹನ್ನೆರಡು ಮನೆ ಎತ್ತರದ ಒಂದು ಠಕಾರವನ್ನು ಬರೆಯಿರಿ. ಗೆರೆ ಎರಡು ಮನೆ ದಪ್ಪವಾಗಿದ್ದರೆ ಮೇಲೆ ಎರಡು, ಕೆಳಗೆ ಎರಡು ಹೋಗಿ ಒಳಗೆ ಎಂಟು ಮನೆ ಬಯಲು ಉಳಿಯುತ್ತದೆ. ಅದರ ನಡುವೆ ಎರಡು ಮನೆಯ ಚುಕ್ಕೆ ಇಟ್ಟರೆ ಚುಕ್ಕೆಯ ಮೇಲೂ ಕೆಳಗೂ ಮೂರು ಮೂರು ಮನೆ ಬೆಳಕು. ಗೆರೆಯನ್ನು ಮೂರು ಮನೆಗೆ ಏರಿಸಿ: ಬಯಲು ಆರು, ಬೆಳಕು ಎರಡೆರಡು. ಗೆರೆಯನ್ನು ನಾಲ್ಕಕ್ಕೆ ಏರಿಸಿ: ಬಯಲು ನಾಲ್ಕು, ಬೆಳಕು ಒಂದೊಂದೇ. ಅಂದರೆ ಗೆರೆ ಎರಡರಷ್ಟಾದಾಗ ಬೆಳಕು ಮೂರನೆಯ ಒಂದು ಭಾಗಕ್ಕೆ ಇಳಿಯಿತು.

ಇದು ಚುಕ್ಕೆಯನ್ನು ಬೆಳೆಸದೆ ಇದ್ದಾಗಿನ ಲೆಕ್ಕ. ಗಣಕಯಂತ್ರದಲ್ಲಿ ಅಕ್ಷರದ ಸುತ್ತ ಅಂಚು ಕೊಟ್ಟಾಗ ಚುಕ್ಕೆಯೂ ಬೆಳೆಯುತ್ತದೆ. ಗೋಡೆ ಒಳಕ್ಕೆ ಬರುತ್ತದೆ, ಚುಕ್ಕೆ ಹೊರಕ್ಕೆ ಹೋಗುತ್ತದೆ. ನಡುವೆ ನಾಲ್ಕು ಮಿಲಿಮೀಟರ್ ಬೆಳಕಿದ್ದು ಎರಡು ಮಿಲಿಮೀಟರ್ ಅಂಚು ಕೊಟ್ಟರೆ ಎರಡೂ ಕಡೆಯಿಂದ ಎರಡೆರಡು ಹೋಗಿ ಉಳಿಯುವುದು ಸೊನ್ನೆ. ನನ್ನ ಫಲಕದಲ್ಲಿ ಆದದ್ದು ಇದೇ. ‘ಪಾಠ’ ‘ಪಾರ’ವಾದದ್ದು ಕೂಡುವ ಕಳೆಯುವ ಲೆಕ್ಕ ತಪ್ಪಿದ್ದರಿಂದ.

ಇಂಥ ಅಪಾಯದ ಅಕ್ಷರಗಳನ್ನು ನೆನಪಿಡಬೇಕು. ಠಕಾರದ ಚುಕ್ಕೆ ಅಳಿದರೆ ಅದು ರಕಾರ. ಥಕಾರದ ಚುಕ್ಕೆ ಅಳಿದರೆ ಅದು ಧಕಾರ. ಧಕಾರದ ಕೆಳಗಿನ ಸೀಳು ಮುಚ್ಚಿದರೆ ಅದು ದಕಾರ. ಆಗ ‘ಧಾರವಾಡ’ ‘ದಾರವಾಡ’ವಾಗುತ್ತದೆ. ಷಕಾರದ ಒಳಗೆರೆ ಅಳಿದರೆ ಅದು ಪಕಾರ. ಇವೆಲ್ಲ ಒಂದು ಸಣ್ಣ ಗುರುತಿನ ಮೇಲೆ ನಿಂತ ಅಕ್ಷರಗಳು.

ಪರಿಹಾರ ಸರಳವಾಗಿದೆ. ಅಕ್ಷರವನ್ನು ದಪ್ಪ ಮಾಡುವ ಮೊದಲು ಅಗಲ ಮಾಡಬೇಕು. ಗೆರೆಯ ದಪ್ಪ ಅಕ್ಷರದ ಒಡಲಿನ ಎತ್ತರದ ನಾಲ್ಕನೆಯ ಒಂದು ಭಾಗವನ್ನು ದಾಟಬಾರದು ಎಂಬುದು ನಾನು ಪಾಲಿಸುವ ಮಿತಿ. ಒಳಗಿನ ಚುಕ್ಕೆ, ಸೀಳು, ಒತ್ತಕ್ಷರ ಇವು ಮುಖ್ಯ ಗೆರೆಗಿಂತ ತೆಳ್ಳಗಿರಬೇಕು.

ಓರೆಯ ಲೆಕ್ಕ

ಓರೆ ಮಾಡುವುದೆಂದರೆ ಅಕ್ಷರದ ಪ್ರತಿ ಬಿಂದುವನ್ನೂ ಅದರ ಎತ್ತರಕ್ಕೆ ತಕ್ಕಂತೆ ಬಲಕ್ಕೆ ಸರಿಸುವುದು. ಇಸ್ಪೀಟಿನ ಕಟ್ಟನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೂಕಿದರೆ ಕೆಳಗಿನ ಎಲೆ ಅಲ್ಲಿಯೇ ಇದ್ದು ಮೇಲಿನ ಎಲೆ ಹೆಚ್ಚು ಸರಿಯುತ್ತದೆಯಷ್ಟೆ, ಹಾಗೆ. ಹನ್ನೆರಡು ಡಿಗ್ರಿ ಓರೆ ಕೊಟ್ಟರೆ ಹತ್ತು ಅಂಗುಲ ಎತ್ತರದ ಅಕ್ಷರದ ನೆತ್ತಿ ಎರಡು ಅಂಗುಲಕ್ಕಿಂತ ತುಸು ಹೆಚ್ಚು ಬಲಕ್ಕೆ ಹೋಗುತ್ತದೆ. ಅಡಿಗೆರೆಯಿಂದ ಐದು ಅಂಗುಲ ಕೆಳಗಿರುವ ಒತ್ತು ಒಂದು ಅಂಗುಲಕ್ಕಿಂತ ತುಸು ಹೆಚ್ಚು ಎಡಕ್ಕೆ ಹೋಗುತ್ತದೆ. ಆದ್ದರಿಂದ ಹಲಗೆಯ ಬಲ ಮೇಲ್ಮೂಲೆಯಲ್ಲಿಯೂ ಎಡ ಕೆಳಮೂಲೆಯಲ್ಲಿಯೂ ಮೊದಲೇ ಜಾಗ ಬಿಡಬೇಕು.

ಓರೆ ಮಾಡುವುದರಿಂದ ಅಕ್ಷರಗಳು ಒಂದಕ್ಕೊಂದು ತಾಗುವುದಿಲ್ಲ, ಎಲ್ಲವೂ ಒಟ್ಟಿಗೆ ಸರಿಯುತ್ತವೆ; ತಾಗಿಸುವುದು ದಪ್ಪ. ಓರೆಯ ಕೇಡು ಬೇರೆ. ದುಂಡನೆಯ ಬಳೆಯೊಂದನ್ನು ಓರೆ ಮಾಡಿದರೆ ಅದು ವಾಲಿದ ಮೊಟ್ಟೆಯಾಗುತ್ತದೆ. ಹನ್ನೆರಡು ಡಿಗ್ರಿಯ ಓರೆಯಲ್ಲಿ ಹತ್ತು ಮಿಲಿಮೀಟರ್ ದಪ್ಪದ ಗೆರೆ ಬಲ ಮೇಲ್ಮೂಲೆಯಲ್ಲಿಯೂ ಎಡ ಕೆಳಮೂಲೆಯಲ್ಲಿಯೂ ಸುಮಾರು ಹನ್ನೊಂದಾಗುತ್ತದೆ. ಉಳಿದೆರಡು ಮೂಲೆಗಳಲ್ಲಿ ಸುಮಾರು ಒಂಬತ್ತಾಗುತ್ತದೆ. ನೇರ ಗೆರೆಗಳೇ ಹೆಚ್ಚಾಗಿರುವ ರೋಮನ್ ದೊಡ್ಡಕ್ಷರಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ದುಂಡುಗಳೇ ತುಂಬಿರುವ ಕನ್ನಡದಲ್ಲಿ ಪ್ರತಿ ಅಕ್ಷರದಲ್ಲಿಯೂ ಕಾಣುತ್ತದೆ. ಪದ ಒಂದು ಕಡೆ ಬಾವು ಬಂದಂತೆ, ಇನ್ನೊಂದು ಕಡೆ ಸೊರಗಿದಂತೆ ತೋರುತ್ತದೆ.

ನನಗೆ ಕುಂಚ ಹಿಡಿಯಲು ಕಲಿಸಿದ ಮೇಸ್ತ್ರಿಗಳು ಈ ಲೆಕ್ಕಗಳನ್ನು ಹೇಳಿಕೊಟ್ಟಿರಲಿಲ್ಲ. ಆದರೆ ಅವರ ಕೈಗೆ ಅದು ಗೊತ್ತಿತ್ತು. ವಾಸ್ಕೋದ ಬಂದರಿನ ಕೆಲಸಕ್ಕೆಂದು ಗದಗಿನ ಕಡೆಯಿಂದ ಬಂದ ನಮ್ಮ ಅಪ್ಪ, ಶಾಲೆ ಬಿಟ್ಟ ಮೇಲೆ ನಾನು ಬೀದಿ ಸುತ್ತಬಾರದೆಂದು ನನ್ನನ್ನು ಅವರಲ್ಲಿಗೆ ಕಳುಹಿಸಿದ್ದರು. ಮೇಸ್ತ್ರಿಗಳು ಸೀಮೆಸುಣ್ಣ ಸವರಿದ ದಾರವನ್ನು ಹಲಗೆಯ ಮೇಲೆ ಎಳೆದು ಮೀಟಿ ಅಡ್ಡಗೆರೆಗಳನ್ನು ಹಾಕುತ್ತಿದ್ದರು. ಆಮೇಲೆ ಒಂದೇ ಅಳತೆಯ ಓರೆಗೆರೆಗಳನ್ನು. ಆ ಚೌಕಟ್ಟಿನೊಳಗೆ ಅಕ್ಷರವನ್ನು ಹೊಸದಾಗಿಯೇ ಬರೆಯುತ್ತಿದ್ದರು, ನೇರ ಅಕ್ಷರವನ್ನು ಬಗ್ಗಿಸುತ್ತಿರಲಿಲ್ಲ. ದುಂಡಿನ ನಾಲ್ಕು ಮೂಲೆಗಳಲ್ಲಿಯೂ ಗೆರೆಯನ್ನು ಕಣ್ಣಳತೆಯಿಂದ ಸರಿದೂಗಿಸುತ್ತಿದ್ದರು. ಬಣ್ಣ ಒಣಗುವ ಮುನ್ನ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಅರೆಮುಚ್ಚಿ ನೋಡುತ್ತಿದ್ದರು. “ಒಳಗಿನ ಬೆಳಕು ಕಂಡರ ಅಕ್ಷರ, ಇಲ್ಲಾಂದ್ರ ಬರೇ ಬಣ್ಣ” ಎನ್ನುತ್ತಿದ್ದರು. ಅಂದು ಅದು ಬೈಗುಳವೆಂದು ತಿಳಿದಿದ್ದೆ. ಅದು ಸೂತ್ರವಾಗಿತ್ತು.

ಫಲಕ ಬರೆಯುವವರಲ್ಲಿ ಇನ್ನೊಂದು ರೂಢಿಯ ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ. ನಲವತ್ತು ಅಡಿ ದೂರದಿಂದ ಕಾಣಬೇಕಾದ ಫಲಕಕ್ಕೆ ನಾಲ್ಕು ಅಂಗುಲದ ಅಕ್ಷರ. ಕನ್ನಡದಲ್ಲಿ ಇದನ್ನು ಅಕ್ಷರದ ಒಡಲಿಗೆ ಮಾತ್ರ ಅನ್ವಯಿಸಬೇಕು. ಮೇಲೆ ಗುಡಿಸಿಗೂ ಕೆಳಗೆ ಒತ್ತಿಗೂ ಬೇರೆಯೇ ಜಾಗ ಕೊಡಬೇಕು. ‘ಗದಗ’ ಎಂದು ಬರೆಯುವ ಹಲಗೆಯಲ್ಲಿ ‘ಹುಬ್ಬಳ್ಳಿ’ ಎಂದು ಬರೆಯಹೊರಟರೆ ಬ್ಬ, ಳ್ಳಿ ಎರಡರ ಒತ್ತುಗಳಿಗೂ ಸ್ಥಳ ಸಾಲದೆ ಅಕ್ಷರವನ್ನೇ ಕುಗ್ಗಿಸಬೇಕಾಗುತ್ತದೆ. ಹಲಗೆಯನ್ನು ಕೊಯ್ಯುವ ಮೊದಲೇ ಪದವನ್ನು ನೋಡಬೇಕು.

ಗಣಕಯಂತ್ರದ ಕಾಲದಲ್ಲಿ

ಗಣಕಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಕನ್ನಡದ ಅಕ್ಷರಗಳನ್ನು ಯಂತ್ರಕ್ಕೆ ಒಗ್ಗಿಸಲು ದುಡಿದವರು ಅನೇಕರು. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಈಗ ಏಕ್ ಟೈಪ್ ಬಳಗದವರು ರೂಪಿಸಿದ ‘ಬಲೂ ತಮ್ಮ’ದಂಥ ದಪ್ಪ ಫಲಕದ ಅಕ್ಷರಗಳೂ, ತೆಳುವಿನಿಂದ ಅತಿ ದಪ್ಪದವರೆಗೆ ಹಲವು ತೂಕಗಳಿರುವ ‘ಅನೇಕ್ ಕನ್ನಡ’ವೂ ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ದೊರೆಯುತ್ತವೆ.

ತಿಳಿಯಬೇಕಾದುದು ಇಷ್ಟೇ: ದಪ್ಪವಾಗಿಯೇ ರೂಪಿಸಿದ ಅಕ್ಷರವನ್ನು ಆರಿಸಿಕೊಳ್ಳುವುದು ಬೇರೆ, ತೆಳು ಅಕ್ಷರದ ಮೇಲೆ ದಪ್ಪದ ಗುಂಡಿಯನ್ನೊತ್ತುವುದು ಬೇರೆ. ಮೊದಲನೆಯದರಲ್ಲಿ ಒಬ್ಬ ಕಲಾವಿದ ಠಕಾರದ ಚುಕ್ಕೆಗೆ ಜಾಗ ಮಾಡಿಕೊಟ್ಟಿರುತ್ತಾನೆ. ಎರಡನೆಯದರಲ್ಲಿ ಯಂತ್ರ ಬರಿದೆ ಉಬ್ಬಿಸುತ್ತದೆ. ಓರೆಯೂ ಹಾಗೆಯೇ. ಓರೆಯಾಗಿ ರೂಪಿಸಿದ ಕನ್ನಡ ಅಕ್ಷರ ಸಿಗದಿದ್ದರೆ, ದಪ್ಪ ನೇರ ಅಕ್ಷರವನ್ನು ಆರಿಸಿ ಎಂಟು ಹತ್ತು ಡಿಗ್ರಿಗಿಂತ ಹೆಚ್ಚು ವಾಲಿಸದೆ, ದುಂಡುಗಳ ಮೂಲೆಗಳನ್ನು ಕೈಯಿಂದ ತಿದ್ದುವುದು ಉತ್ತಮ. ಮುದ್ರಣಕ್ಕೆ ಕೊಡುವ ಮೊದಲು ಪರದೆಯಿಂದ ದೂರ ಸರಿದು ನೋಡಬೇಕು. ಸಾಧ್ಯವಾದರೆ ಓದಲು ಕಲಿಯುತ್ತಿರುವ ಒಂದು ಮಗುವಿನಿಂದ ಓದಿಸಬೇಕು. ಅದಕ್ಕಿಂತ ಒಳ್ಳೆಯ ಪರೀಕ್ಷಕರು ಇಲ್ಲ.

ಉಪಸಂಹಾರ

ಈ ಸುವರ್ಣ ಮಹೋತ್ಸವಕ್ಕೆ ಶಾಲೆಯ ಹೊಸ ನಾಮಫಲಕವನ್ನು ಕೈಯಿಂದಲೇ ಬರೆದುಕೊಡುತ್ತೇನೆಂದು ನಾನು ಕೇಳಿಕೊಂಡೆ, ಹಿರಿಯರು ಒಪ್ಪಿದರು. ಒಡಲು ಆರು ಅಂಗುಲ, ಗೆರೆ ಒಂದೂಕಾಲು ಅಂಗುಲ, ಓರೆ ಹತ್ತು ಡಿಗ್ರಿ. ಮೂರು ಸಂಜೆ ಹಿಡಿಯಿತು. ಠಕಾರದ ಚುಕ್ಕೆಯನ್ನು ಕೊನೆಗೆ ಇಟ್ಟೆ.

ಬರೆಯುವಾಗ ಒಂದು ಯೋಚನೆ ಬರುತ್ತಿತ್ತು. ನಮ್ಮ ಕಾಲದಲ್ಲಿ ಒಂದು ಬೆಂಚಿಗೆ ಐದು ಮಂದಿ ಕೂರುತ್ತಿದ್ದೆವು. ಈಗ ನಮ್ಮವರಲ್ಲೇ ಅನೇಕರು ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಕಳುಹಿಸುತ್ತಾರೆ. ನನ್ನ ಮನೆಯಲ್ಲಿಯೂ ಹಾಗೆಯೇ ಆಯಿತು ಎಂಬುದನ್ನು ಮುಚ್ಚಿಡಲಾರೆ. ನನ್ನ ಮಗ ಕನ್ನಡ ಮಾತನಾಡುತ್ತಾನೆ, ಓದಲಾರ. ನಾನು ಬರೆದ ಫಲಕಗಳು ಅವನಿಗೆ ಚಿತ್ರಗಳು. ನಾಮಫಲಕ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓದುವವರು ಬೇಕು. ಓದುವವರನ್ನು ತಯಾರು ಮಾಡುವುದು ಫಲಕದ ಕೆಳಗಿನ ಬಾಗಿಲು. ಐವತ್ತು ವರ್ಷಗಳ ಕಾಲ ಆ ಬಾಗಿಲನ್ನು ತೆರೆದಿಟ್ಟ ಗುರುಗಳಿಗೂ ಅಕ್ಕೋರುಗಳಿಗೂ ನನ್ನ ನಮಸ್ಕಾರಗಳು.

ಫಲಕ ಏರಿಸಿದ ಮರುದಿನ ಅದೇ ಬಾಲಕಿ ತನ್ನ ತಮ್ಮನನ್ನು ಕೈಹಿಡಿದು ಕರೆತಂದಿದ್ದಳು. ಈಗ ಅವಳು ದೊಡ್ಡ ತರಗತಿಯವಳು. ತಮ್ಮ ಇನ್ನೂ ಅಕ್ಷರಮಾಲೆಯಲ್ಲಿದ್ದಾನೆ. ಅವನು ಬೆರಳು ತೋರಿಸಿ, “ಪಾ… ಠ… ಶಾ… ಲೆ” ಎಂದು ಓದಿದನು. ಅಕ್ಕ ತಿದ್ದಬೇಕಾಗಿ ಬರಲಿಲ್ಲ.